ಯಾರು ಬೇಕು ಎನ್ನುವ ಮೊದಲು, ಯಾರಿಲ್ಲದಿದ್ದರೆ ಕಷ್ಟ ಎಂದು ಕೇಳಿ

ಹೊಸ ಸೀಸನ್‌ಗೆ ಫುಟ್‌ಬಾಲ್ ತಂಡ ಕಟ್ಟಲು ಕೂತಾಗ ಕ್ಲಬ್‌ನವರು ಮೊದಲು ಮುಂದಿಡುವುದು ಸ್ಟ್ರೈಕರ್‌ಗಳ, ಅಂದರೆ ಗೋಲು ಹೊಡೆಯುವವರ ಪಟ್ಟಿ. ಯಾರು ಸಿಗುತ್ತಾರೆ, ಎಷ್ಟಕ್ಕೆ ಸಿಗುತ್ತಾರೆ? ನಾನು ಅದನ್ನು ಪಕ್ಕಕ್ಕಿಟ್ಟು ಖಾಲಿ ಹಾಳೆಯ ಮೇಲೆ ಮೈದಾನ ಬಿಡಿಸುತ್ತೇನೆ. ಹನ್ನೊಂದು ಜಾಗ. ಒಂದೊಂದರಲ್ಲೂ ಈಗ ಆಡುವವನ ಹೆಸರು, ವಯಸ್ಸು, ಒಪ್ಪಂದ ಮುಗಿಯುವ ವರ್ಷ. ಅದರ ಕೆಳಗೆ, ನಾಳೆ ಅವನು ಕುಂಟುತ್ತಾ ಹೊರಬಂದರೆ ಒಳಗೆ ಹೋಗುವವನ ಹೆಸರು. ಈ ಎರಡನೇ ಸಾಲು ಬರೆಯುವಾಗ ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿಗೇ ಮೊದಲ ಹಣ ಹೋಗಬೇಕು.

ಲಿವರ್‌ಪೂಲ್ 2019-20ರಲ್ಲಿ 99 ಅಂಕ ಗಳಿಸಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು. ಆ ಬೇಸಿಗೆಯಲ್ಲಿ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಂತು ಎದುರಾಳಿಯನ್ನು ತಡೆಯುವ ಆಟಗಾರ) ಲೋವ್ರೆನ್ ಕ್ಲಬ್ ಬಿಟ್ಟರು, ಅವರ ಜಾಗಕ್ಕೆ ಇನ್ನೊಬ್ಬ ಸೆಂಟರ್ ಬ್ಯಾಕ್ ಬರಲಿಲ್ಲ. ಉಳಿದವರು ಮೂವರು, ಅಷ್ಟು ಸಾಕು ಅನ್ನಿಸಿರಬೇಕು. ಹೊಸ ಸೀಸನ್‌ನ ಅಕ್ಟೋಬರ್‌ನಲ್ಲಿ ಅವರಲ್ಲೊಬ್ಬರಾದ ವ್ಯಾನ್ ಡೈಕ್ ಅವರ ಮೊಣಕಾಲಿಗೆ ಪೆಟ್ಟಾಯಿತು. ನವೆಂಬರ್‌ನಲ್ಲಿ ಗೋಮೆಜ್, ಜನವರಿಯಲ್ಲಿ ಮ್ಯಾಟಿಪ್. ಮಿಡ್‌ಫೀಲ್ಡ್‌ನ ಫ್ಯಾಬಿನ್ಯೊ ಮತ್ತು ಹೆಂಡರ್ಸನ್ ಹಿಂದಕ್ಕೆ ಬಂದು ಡಿಫೆನ್ಸ್ ಕಾಯಬೇಕಾಯಿತು. ನಷ್ಟ ದೊಡ್ಡದಾದದ್ದು ಇಲ್ಲೇ: ಹಿಂದಿನ ತೂತು ಮುಚ್ಚಲು ಹೋಗಿ ನಡುವೆ ಇನ್ನೊಂದು ತೂತು ಬಿತ್ತು. ಚೆಂಡನ್ನು ಎದುರಾಳಿಯ ಅರ್ಧದಲ್ಲೇ ಕಸಿದುಕೊಳ್ಳುತ್ತಿದ್ದ ತಂಡ ಆ ಕಸುವನ್ನೇ ಕಳೆದುಕೊಂಡಿತು. ತವರಿನಲ್ಲಿ ಸತತ ಆರು ಲೀಗ್ ಪಂದ್ಯ ಸೋತು, ಕೊನೆಗೆ 69 ಅಂಕಗಳೊಂದಿಗೆ ಮೂರನೇ ಸ್ಥಾನಕ್ಕೆ ಇಳಿಯಿತು. ಗಾಯಗಳನ್ನು ದುರದೃಷ್ಟ ಎನ್ನಬಹುದು. ನಾಲ್ಕನೆಯವನಿಲ್ಲದೆ ಸೀಸನ್ ಶುರು ಮಾಡಿದ್ದನ್ನು ನಾನು ದುರದೃಷ್ಟ ಎನ್ನಲಾರೆ.

ಹಾಳೆ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಗೋಲು ಹೊಡೆಯದ, ಪೋಸ್ಟರ್‌ನಲ್ಲಿ ಕಾಣದ ಆಟಗಾರನ ಮೇಲೆ ಎಷ್ಟು ಭಾರ ನಿಂತಿದೆ ಎನ್ನುವುದು. 2003ರಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಬೆಕ್‌ಹ್ಯಾಮ್ ಅವರನ್ನು ತಂದಿತು, ಡಿಫೆನ್ಸ್‌ನ ಮುಂದೆ ನಿಂತು ಚೆಂಡು ಕಸಿಯುತ್ತಿದ್ದ ಮಕೆಲೆಲೆ ಅವರನ್ನು ಇಂಗ್ಲೆಂಡಿನ ಚೆಲ್ಸಿಗೆ ಮಾರಿತು. ಹಿಂದಿನ ವರ್ಷದ ಚಾಂಪಿಯನ್ ತಂಡ ಮುಂದಿನ ಸೀಸನ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಿತ್ತು. 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಲೆಸ್ಟರ್‌ನಿಂದ, ಅಂಥದ್ದೇ ಕೆಲಸ ಮಾಡುತ್ತಿದ್ದ ಕಾಂಟೆ ಚೆಲ್ಸಿಗೆ ಹೋದರು. ಮರುವರ್ಷ ಚೆಲ್ಸಿ ಚಾಂಪಿಯನ್, ಲೆಸ್ಟರ್ ಹನ್ನೆರಡನೆಯದು. ಒಬ್ಬನಿಂದಲೇ ಎಲ್ಲವೂ ಆಯಿತೆಂದಲ್ಲ. ಆದರೂ ಇಂಥ ಆಟಗಾರನನ್ನು ಮಾರುವ ಮಾತು ಬಂದಾಗ ನಾನು ಪಟ್ಟು ಹಿಡಿಯುತ್ತೇನೆ: ಬದಲಿಯವನು ಸಹಿ ಹಾಕುವ ತನಕ ಇವನನ್ನು ಬಿಡಬೇಡಿ.

ಎರಡನೇ ಸಾಲು ತುಂಬಬೇಕೆಂದು ಸಿಕ್ಕಸಿಕ್ಕವರನ್ನು ಕೊಳ್ಳಲೂ ಆಗದು. ಪ್ರೀಮಿಯರ್ ಲೀಗ್‌ನಲ್ಲಿ ಹಿರಿಯರ ಪಟ್ಟಿಗೆ 25 ಜನರ ಮಿತಿಯಿದೆ. ಅದರಲ್ಲಿ ಅಲ್ಲಿನ ಕ್ಲಬ್‌ಗಳಲ್ಲೇ ಬೆಳೆದವರಲ್ಲದೆ ಹೊರಗಿನವರು 17ಕ್ಕಿಂತ ಹೆಚ್ಚಿರುವಂತಿಲ್ಲ. 21ರೊಳಗಿನವರು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎರಡು ಜಾಗ ನಿಭಾಯಿಸಬಲ್ಲ ಆಟಗಾರನಿಗೂ ಸ್ವಂತ ಅಕಾಡೆಮಿಯ ಹುಡುಗನಿಗೂ ಬೆಲೆ ಹೆಚ್ಚು.

ಆ ಹುಡುಗನ ಹೆಸರನ್ನು ಹಾಳೆಯಲ್ಲಿ ಬರೆದ ಮಾತ್ರಕ್ಕೆ ಅವನು ಸಿದ್ಧನಾಗುವುದಿಲ್ಲ. ಈಗ ಐದು ಬದಲಾವಣೆಗೆ ಅವಕಾಶವಿದೆ. ಎರಡು ಗೋಲು ಮುಂದಿರುವಾಗ ಕೊನೆಯ ಇಪ್ಪತ್ತು ನಿಮಿಷ ಅವನಿಗೆ ಕೊಡಿ ಎಂದು ಕೋಚ್‌ಗಳನ್ನು ಕೇಳಿಕೊಳ್ಳುತ್ತೇನೆ. ಆಡಿದ ನಿಮಿಷಗಳನ್ನು ತಿಂಗಳಿಗೊಮ್ಮೆ ಅದೇ ಹಾಳೆಯಲ್ಲಿ ಅವನ ಹೆಸರಿನ ಪಕ್ಕ ಬರೆಯುತ್ತೇನೆ. ಡಿಸೆಂಬರ್ ಹೊತ್ತಿಗೂ ಅಲ್ಲಿ ಸೊನ್ನೆಯೇ ಇದ್ದರೆ, ಆ ಜಾಗವನ್ನು ಖಾಲಿಯೆಂದೇ ಎಣಿಸಿ ಜನವರಿಯ ಖರೀದಿಗೆ ಹೆಸರು ಹುಡುಕುತ್ತೇನೆ.