ದಡದಲ್ಲಿ ಮುಗಿಯದ ಕೆಲಸ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಬೈಂದೂರು ಕಡೆಯ ವೆಲ್ಡರೊಬ್ಬರಿದ್ದಾರೆ. ಮಳೆಗಾಲ ಹಿಡಿದ ಮೇಲೆಯೇ ಅವರು ಮೆಟ್ಟಿಲಿನಲ್ಲಿ ದಿನವೂ ಕಾಣಸಿಗುವುದು. ಚೌತಿ ಕಳೆದು ದಸರೆ ಸಮೀಪಿಸುವ ಹೊತ್ತಿಗೆ ಬ್ಯಾಗು ಕಟ್ಟುತ್ತಾರೆ. ಅಲ್ಲಿಂದ ಮೇ ತಿಂಗಳ ಕೊನೆಯವರೆಗೆ ಅವರು ಮನೆಯಲ್ಲಿರುವುದಕ್ಕಿಂತ ಸಮುದ್ರದಲ್ಲಿರುವುದೇ ಹೆಚ್ಚು. ಮುಂಬೈ ತೀರದಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿರುವ ಮುಂಬೈ ಹೈ ಅವರ ಕೆಲಸದ ಜಾಗ. 1974ರ ಫೆಬ್ರವರಿಯಲ್ಲಿ ‘ಸಾಗರ್ ಸಮ್ರಾಟ್’ ಎಂಬ ರಿಗ್ ಅಲ್ಲಿ ತೈಲವನ್ನು ಕಂಡಿತು. 1976ರ ಮೇ 21ರಂದು ಉತ್ಪಾದನೆ ಆರಂಭವಾಯಿತು. ಹೆಸರು ಬದಲಾಗಿ ಎಷ್ಟೋ ವರ್ಷಗಳಾದರೂ ಅಲ್ಲಿ ದುಡಿದವರ ಬಾಯಲ್ಲಿ ಅದು ಇಂದಿಗೂ ‘ಬಾಂಬೆ ಹೈ’ಯೇ.

ಸಮುದ್ರದ ನಡುವೆ ಕಟ್ಟುವ ಕೆಲಸ ಹೇಗಿರುತ್ತದೆ ಎಂದು ಒಮ್ಮೆ ಕೇಳಿದಾಗ ಅವರು, ದಡದಲ್ಲಿ ಮಾಡಲಿಕ್ಕಾಗದ್ದನ್ನು ಮಾತ್ರ ಅಲ್ಲಿ ಮಾಡುವುದು ಎಂದರು. ಉತ್ತರ ತಪ್ಪಿಸಿಕೊಳ್ಳುವ ಮಾತಿನಂತೆ ಕೇಳಿಸಿತು. ಆಮೇಲೆ ಯೋಚಿಸಿದಾಗ, ಈ ಇಡೀ ಎಂಜಿನಿಯರಿಂಗ್ ಶಾಖೆಯ ತಿರುಳನ್ನೇ ಅವರು ಒಂದು ವಾಕ್ಯದಲ್ಲಿ ಹೇಳಿದ್ದರು ಎಂದು ಹೊಳೆಯಿತು.

ತೈಲಬಾವಿಗಳ ವೇದಿಕೆಯನ್ನು ಹೊತ್ತು ನಿಲ್ಲುವ ಉಕ್ಕಿನ ಚೌಕಟ್ಟಿಗೆ ‘ಜಾಕೆಟ್’ ಎನ್ನುತ್ತಾರೆ. ಮುಂಬೈ ಹೈಯಲ್ಲಿ ನೀರಿನ ಆಳ ಸುಮಾರು 75 ಮೀಟರ್. ಅಷ್ಟು ನೀರನ್ನು ದಾಟಿ, ಮಳೆಗಾಲದ ಅಲೆಗೂ ಎಟುಕದಷ್ಟು ಮೇಲೇಳಬೇಕಾದ ಜಾಕೆಟ್ ಇಪ್ಪತ್ತೈದು ಮಹಡಿಯ ಕಟ್ಟಡಕ್ಕಿಂತ ಗಿಡ್ಡವಾಗಿರಲು ಸಾಧ್ಯವಿಲ್ಲ. ಅದನ್ನು ದಡದ ಯಾರ್ಡಿನಲ್ಲಿ ಮಲಗಿಸಿ ಕಟ್ಟುತ್ತಾರೆ, ಏಕೆಂದರೆ ಮಲಗಿದ ಚೌಕಟ್ಟಿನ ಹೆಚ್ಚಿನ ಬೆಸುಗೆಗಳು ನೆಲಕ್ಕೆ ಹತ್ತಿರದಲ್ಲೇ ಸಿಗುತ್ತವೆ. ಕಂಬ, ಅಡ್ಡಪಟ್ಟಿ ಎಲ್ಲವೂ ದುಂಡನೆಯ ಕೊಳವೆಗಳೇ. ಅಲೆ ಯಾವ ದಿಕ್ಕಿನಿಂದ ಬಂದರೂ ಕೊಳವೆ ಅದಕ್ಕೆ ಒಂದೇ ಮುಖ ತೋರಿಸುತ್ತದೆ. ಒಳಗೆ ಪೊಳ್ಳಾಗಿರುವುದರಿಂದ ತುದಿಗಳನ್ನು ಮುಚ್ಚಿದರೆ ತೇಲುತ್ತದೆ ಕೂಡ. ಈ ಎರಡನೆಯ ಗುಣವೇ ಮುಂದೆ ದೊಡ್ಡ ಉಪಕಾರಕ್ಕೆ ಬರುತ್ತದೆ. ಬಾರ್ಜಿನ, ಅಂದರೆ ಚಪ್ಪಟೆ ತಳದ ದೊಡ್ಡ ತೇಲುನೌಕೆಯ, ಮೇಲೆ ಮಲಗಿಕೊಂಡೇ ಸಾಗಿ ಬಂದ ದೊಡ್ಡ ಜಾಕೆಟ್ಟನ್ನು ಜಾಗ ತಲುಪಿದ ಮೇಲೆ ನೀರಿಗೆ ಜಾರಿಸುತ್ತಾರೆ. ಸಾವಿರಾರು ಟನ್ ಉಕ್ಕು ಒಮ್ಮೆ ಮುಳುಗಿ, ತಾನು ಸರಿಸಿದ ನೀರಿನ ತೂಕದಿಂದಲೇ ಮೇಲೆದ್ದು ತೇಲತೊಡಗುತ್ತದೆ. ಅನಂತರ ಆಯ್ದ ಕಾಲುಗಳೊಳಗೆ ಅಳೆದು ನೀರು ಬಿಟ್ಟಂತೆ ಅದರ ಒಂದು ತುದಿ ತಗ್ಗುತ್ತಾ, ಇನ್ನೊಂದು ತುದಿ ಏರುತ್ತಾ, ಕೊನೆಗೆ ಚೌಕಟ್ಟು ನೆಟ್ಟಗೆ ನಿಂತು ಕಡಲತಳವನ್ನು ಮುಟ್ಟುತ್ತದೆ. ಇಷ್ಟು ಕೆಲಸವನ್ನು ಕ್ರೇನಿನ ಬಲದಿಂದ ಮಾಡಹೊರಟರೆ ಅಂಥ ಕ್ರೇನು ಸಿಗುವುದೇ ಕಷ್ಟ. ಆರ್ಕಿಮಿಡೀಸನ ತತ್ವಕ್ಕೆ ಬಾಡಿಗೆ ಇಲ್ಲ.

ನಿಂತ ಮಾತ್ರಕ್ಕೆ ಅದು ಭದ್ರವಲ್ಲ. ಕಾಲುಗಳ ಒಳಗಿನಿಂದ ಉದ್ದುದ್ದ ಉಕ್ಕಿನ ಪೈಲುಗಳನ್ನು ಇಳಿಸಿ, ಸುತ್ತಿಗೆಯಂತ್ರದಿಂದ ತಳದ ಮಣ್ಣಿಗೆ ಹತ್ತಾರು ಮೀಟರ್ ಬಡಿದು ಕೂರಿಸಬೇಕು. ಜಾಕೆಟ್ಟಿನ ತೂಕವನ್ನು ಹೊರುವುದಷ್ಟೇ ಈ ಪೈಲುಗಳ ಕೆಲಸವಲ್ಲ. ಅಲೆ ಒಂದು ಬದಿಯಿಂದ ತಳ್ಳಿದಾಗ ಆ ಬದಿಯ ಕಾಲು ಮೇಲೇಳಲು ನೋಡುತ್ತದೆ. ಅದನ್ನು ಹಿಡಿದಿಡುವುದು ಪೈಲಿನ ಮೈಗೆ ಅಂಟಿಕೊಂಡ ಮಣ್ಣಿನ ಹಿಡಿತ.

ಅಲೆಯ ಲೆಕ್ಕ ಇಲ್ಲಿ ತುಸು ಬಿಡಿಸಿ ನೋಡುವಂಥದ್ದು. ಆಳದ ನೀರಿನಲ್ಲಿ ಅಲೆಯ ಉದ್ದವನ್ನು ಅದರ ಅವಧಿಯೇ ನಿರ್ಧರಿಸುತ್ತದೆ. 10 ಸೆಕೆಂಡಿಗೊಮ್ಮೆ ಏರಿ ಬರುವ ಅಲೆಯ ಉದ್ದ ಸುಮಾರು 156 ಮೀಟರ್. ಅಲೆಯುದ್ದದ ಅರ್ಧದಷ್ಟು ಆಳಕ್ಕೆ ಇಳಿದರೆ ನೀರಿನ ಅಲ್ಲಾಟ ಬಹುಮಟ್ಟಿಗೆ ಅಡಗಿಹೋಗುತ್ತದೆ ಎಂಬುದು ನಿಯಮ. 156ರ ಅರ್ಧ 78, ಅಂದರೆ ಹೆಚ್ಚುಕಡಿಮೆ ಮುಂಬೈ ಹೈಯ ತಳವೇ. ಹೀಗಾಗಿ ಮೇಲೆ ಬಾರ್ಜು ತೊಟ್ಟಿಲಿನಂತೆ ತೂಗುತ್ತಿರುವಾಗ ಕೆಳಗೆ ಜಾಕೆಟ್ಟಿನ ಪಾದ ಸುಮಾರಾಗಿ ನಿಶ್ಚಲ ನೀರಿನಲ್ಲಿರುತ್ತದೆ. ಕಷ್ಟವಿರುವುದು ಈ ಎರಡನ್ನೂ ಕೂಡಿಸುವಲ್ಲಿ. ನಿಶ್ಚಲ ಕಾಲುಗಳ ಮೇಲೆ ಡೆಕ್ಕನ್ನು, ಅಂದರೆ ಮೇಲಿನ ವೇದಿಕೆಯನ್ನು, ಇಳಿಸಬೇಕಾದ ಕ್ರೇನು ತೇಲುವ ಹಡಗಿನ ಮೇಲಿದೆ. ಇನ್ನೇನು ಕೂರಬೇಕು ಎನ್ನುವಾಗ ಹಡಗು ಅಲೆಯೊಂದಿಗೆ ಒಂದು ಮೀಟರ್ ಕುಸಿದರೆ ನೂರಾರು ಟನ್ನಿನ ಹೊರೆ ಅಷ್ಟು ಎತ್ತರದಿಂದ ಅಪ್ಪಳಿಸಿದಂತೆಯೇ ಆಗುತ್ತದೆ. ಅದಕ್ಕಾಗಿ ಕಾಯುತ್ತಾರೆ. ದಿನಬಾಡಿಗೆ ಏರುತ್ತಿದ್ದರೂ, ಎಲ್ಲ ಸಿದ್ಧವಿದ್ದರೂ, ಅಲೆ ತಗ್ಗುವವರೆಗೆ ಕಾಯುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಗೆ ಕಾದು ಪ್ರಯೋಜನವಿಲ್ಲವಾದ್ದರಿಂದ ಕಟ್ಟುವ ಕೆಲಸ ನಿಲ್ಲುತ್ತದೆ. ನೂಲು ಹುಣ್ಣಿಮೆಯ ಹೊತ್ತಿಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರರು ದೋಣಿ ಇಳಿಸುತ್ತಾರೆ. ಅವರಿಗಿಂತ ಬಹಳ ದೊಡ್ಡದಾದ ಬಾರ್ಜು ಮಾತ್ರ ಇನ್ನೆರಡು ತಿಂಗಳು ದಡ ಬಿಡುವುದಿಲ್ಲ. ದೋಣಿಗೆ ಅಲೆಯೊಂದಿಗೆ ಏಳುವ, ಬೀಳುವ ಸ್ವಾತಂತ್ರ್ಯವಿದೆ, ಲಂಗರುಗಳ ನಡುವೆ ಒಂದೇ ಕಡೆ ನಿಂತು ಕೆಲಸ ಮಾಡಬೇಕಾದ ಬಾರ್ಜಿಗೆ ಅದಿಲ್ಲ. ಋತುವಿನ ಕೊನೆಯ ವಾರಗಳಲ್ಲಿ ಉಳಿದದ್ದನ್ನು ಮುಗಿಸುವ ಆತುರ ಹೆಚ್ಚುತ್ತದೆ, ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ ಲಂಗರು ಕಳಚಿಕೊಂಡು ತೇಲಿಹೋಗಿ ಮುಳುಗಿದ ಪಿ-305, ಕೆಲಸಗಾರರು ಉಳಿದುಕೊಳ್ಳುವ ಬಾರ್ಜಾಗಿತ್ತು. ಅದಕ್ಕೆ ಸ್ವಂತ ಎಂಜಿನ್ ಇರಲಿಲ್ಲ. ಅದರಲ್ಲಿದ್ದ 261 ಜನರಲ್ಲಿ ಬದುಕಿ ಬಂದವರು 186. ಚಂಡಮಾರುತದ ಮುನ್ಸೂಚನೆ ಮೊದಲೇ ಇತ್ತು. ಈ ಒಂದು ಸಂಗತಿಯನ್ನು ಅಲೆಯ ಗಣಿತದಿಂದ ವಿವರಿಸಲಾಗದು.

ಪೈಪ್ ಹಾಸುವ ಬಾರ್ಜಿನಲ್ಲಿ ನಮ್ಮ ವೆಲ್ಡರರ ಪಾಳಿ 12 ಗಂಟೆಯದು. ಪೈಪಿನ ಒಂದೊಂದು ತುಂಡೂ ಸುಮಾರು 12 ಮೀಟರ್ ಉದ್ದ. ಎಂದರೆ ಒಂದು ಕಿಲೋಮೀಟರಿಗೆ 83 ಬೆಸುಗೆಗಳು. ಬಾರ್ಜಿನುದ್ದಕ್ಕೂ ಸಾಲಾಗಿ ಬೆಸೆಯುವ, ಪರೀಕ್ಷಿಸುವ, ಲೇಪ ಹಚ್ಚುವ ಠಾಣೆಗಳಿರುತ್ತವೆ. ಎಲ್ಲ ಠಾಣೆಗಳ ಕೆಲಸ ಮುಗಿದಾಗ ಬಾರ್ಜು ತನ್ನ ಲಂಗರಿನ ಹಗ್ಗಗಳನ್ನು ಎಳೆದುಕೊಂಡು ಒಂದು ತುಂಡಿನಷ್ಟು ಮುಂದೆ ಸರಿಯುತ್ತದೆ, ಹಿಂದಿನಿಂದ ಪೈಪು ಅಷ್ಟೇ ಉದ್ದ ಸಮುದ್ರಕ್ಕೆ ಇಳಿಯುತ್ತದೆ. ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಾಗಿ ಇಳಿಯುವ ಅದನ್ನು ಮೇಲಿನಿಂದ ಸದಾ ಬಿಗಿಹಿಡಿದಿರಬೇಕು. ಸಡಿಲಬಿಟ್ಟರೆ ಉಕ್ಕಿನ ಪೈಪು ಕೂಡ ಹುಲ್ಲುಕಡ್ಡಿಯಂತೆ ಮಡಿಚಿಹೋಗುತ್ತದೆ. ಪೈಪಿನ ಮೈಗೆ ಕಾಂಕ್ರೀಟಿನ ಹೊದಿಕೆ ಇರುವುದನ್ನು ಕಂಡು ಹಲವರು ಅದನ್ನು ರಕ್ಷಣೆಗೆಂದೇ ಭಾವಿಸುತ್ತಾರೆ. ಅದರ ಮುಖ್ಯ ಕಾರಣ ತೂಕ: ಅನಿಲ ತುಂಬಿದ ದೊಡ್ಡ ಪೈಪು ಹೊದಿಕೆಯಿಲ್ಲದಿದ್ದರೆ ತಳದಲ್ಲಿ ನಿಲ್ಲದೆ ತೇಲಿಬಿಡಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಕೆಲಸವೆಂದರೆ ಮುಳುಗುಗಾರರದು. ತಳದ ಪೈಪನ್ನು ಜಾಕೆಟ್ಟಿನ ಕಾಲಿಗೆ ಅಂಟಿ ಮೇಲೇರುವ ಕೊಳವೆಗೆ ಜೋಡಿಸಲು, ಬೋಲ್ಟು ಬಿಗಿಯಲು, ತುಕ್ಕನ್ನು ತನ್ನ ಮೇಲೆಳೆದುಕೊಂಡು ಕರಗುವ ಅಲ್ಯೂಮಿನಿಯಂ ಗಟ್ಟಿಗಳು ಎಷ್ಟು ಸವೆದಿವೆಯೆಂದು ನೋಡಲು 75 ಮೀಟರ್ ಕೆಳಗೆ ಮನುಷ್ಯನೇ ಇಳಿಯಬೇಕಾಗುತ್ತದೆ. ಅಲ್ಲಿನ ಒತ್ತಡ ನಮ್ಮ ನೆಲದ ಮೇಲಿನ ಗಾಳಿಯ ಒತ್ತಡದ ಎಂಟೂವರೆ ಪಟ್ಟು. ಅಷ್ಟು ಒತ್ತಡದಲ್ಲಿ ಸಾಮಾನ್ಯ ಗಾಳಿಯನ್ನು ಉಸಿರಾಡಿದರೆ ಸಾರಜನಕವು ಹೆಂಡದಂತೆ ತಲೆಗೇರುತ್ತದೆ. ಆಮ್ಲಜನಕವಂತೂ ಹೊತ್ತು ಕಳೆದಂತೆ ವಿಷವೇ ಆಗುತ್ತದೆ. ಆದ್ದರಿಂದ ಅವರಿಗೆ ಕೊಡುವುದು ಹೀಲಿಯಂ, ಜೊತೆಗೆ ಶೇಕಡಾ 5ರ ಆಸುಪಾಸಿನಷ್ಟು ಆಮ್ಲಜನಕ. ಅಷ್ಟೇ ಆಮ್ಲಜನಕವಿರುವ ಅನಿಲವನ್ನು ದಡದಲ್ಲಿ ಉಸಿರಾಡಿದವನು ಬದುಕಲಾರ. ಅಲ್ಲಿ ಒತ್ತಡವೇ ಕೊರತೆಯನ್ನು ತುಂಬಿಕೊಡುತ್ತದೆ. ಹೀಲಿಯಂನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದರ ಸುಮಾರು ಮೂರು ಪಟ್ಟಾದ್ದರಿಂದ ಮುಳುಗುಗಾರನ ಮಾತು ಬಾತುಕೋಳಿಯ ಕೂಗಿನಂತಾಗುತ್ತದೆ, ಮೇಲಿನವರು ಯಂತ್ರದ ಮೂಲಕ ಅದನ್ನು ತಿದ್ದಿ ಕೇಳಿಸಿಕೊಳ್ಳುತ್ತಾರೆ. ಹೀಲಿಯಂ ಗಾಳಿಗಿಂತ ಆರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ; ಹಾಗಾಗಿ ಅವರ ಕೋಣೆ 30 ಡಿಗ್ರಿಯಲ್ಲಿದ್ದರಷ್ಟೇ ಹಿತ.

ನಿಜವಾದ ಸಮಸ್ಯೆ ಮೇಲೆ ಬರುವುದು. ಒತ್ತಡದಲ್ಲಿ ರಕ್ತಮಾಂಸಗಳಲ್ಲಿ ಕರಗಿದ ಅನಿಲವು, ಮುಚ್ಚಳ ತೆಗೆದ ಸೋಡಾದಂತೆ, ಒತ್ತಡ ಇಳಿದೊಡನೆ ಗುಳ್ಳೆಗಳಾಗಿ ಹೊರಬರುತ್ತದೆ. ಆ ಗುಳ್ಳೆಗಳು ಕೀಲುಗಳನ್ನು ಹಿಂಡಬಲ್ಲವು, ಬೆನ್ನುಹುರಿಯನ್ನು ಘಾಸಿಗೊಳಿಸಬಲ್ಲವು. ಆಡುಗಳ ಮೇಲೆ ಪ್ರಯೋಗ ಮಾಡಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಜಾನ್ ಸ್ಕಾಟ್ ಹಾಲ್ಡೇನ್ 1908ರಲ್ಲಿ ಪ್ರಕಟಿಸಿದರು. ಆದರೆ ಕೆಲವೇ ನಿಮಿಷಗಳ ಕೆಲಸಕ್ಕೆ ಗಂಟೆಗಟ್ಟಲೆ ಮೇಲೇರಬೇಕೆಂದರೆ ತಳದಲ್ಲಿ ಏನನ್ನೂ ಕಟ್ಟಲಾಗದು. ಇದಕ್ಕೆ ಸಿಕ್ಕ ಪರಿಹಾರ ಒಂದು ಸರಳ ಸಂಗತಿಯನ್ನು ಆಧರಿಸಿದೆ: ಸುಮಾರು ಒಂದು ದಿನದಲ್ಲಿ ದೇಹ ಹೀರಬಹುದಾದಷ್ಟು ಅನಿಲವನ್ನು ಹೀರಿ ತಣಿದುಬಿಡುತ್ತದೆ, ಆಮೇಲೆ ಹೆಚ್ಚಿಗೆ ಹೀರುವುದಿಲ್ಲ. ಕೆಳಗೆ ಎರಡು ದಿನ ಇದ್ದರೂ ಮೂರು ವಾರ ಇದ್ದರೂ ಮರಳುವುದಕ್ಕೆ ತಗಲುವ ಕಾಲ ಒಂದೇ. ಹಾಗಾದರೆ ಮುಳುಗುಗಾರರನ್ನು ಹಡಗಿನ ಮೇಲೆಯೇ, ತಳದಷ್ಟೇ ಒತ್ತಡವಿರುವ ಉಕ್ಕಿನ ಕೋಣೆಯಲ್ಲಿ ವಾರಗಟ್ಟಲೆ ಇರಿಸಿ, ಪಾಳಿಯ ಹೊತ್ತಿಗೆ ಅದೇ ಒತ್ತಡದ ಗಂಟೆಯಾಕಾರದ ಪೆಟ್ಟಿಗೆಯಲ್ಲಿ ಕೆಳಗಿಳಿಸಿದರಾಯಿತು. ಊಟ ಎರಡು ಬಾಗಿಲಿನ ಸಣ್ಣ ಗೂಡಿನ ಮೂಲಕ ಒಳಗೆ ಹೋಗುತ್ತದೆ. ಹಡಗೇ ಮುಳುಗುವ ಹೊತ್ತು ಬಂದರೆ ಅವರಿಗಾಗಿ ಒತ್ತಡ ಕಾಯ್ದುಕೊಳ್ಳುವ ಪ್ರತ್ಯೇಕ ಜೀವರಕ್ಷಕ ದೋಣಿ ಬೇಕು. ಮಾಮೂಲಿ ದೋಣಿಗೆ ಹತ್ತಿಸಿದರೆ ಅದೇ ಸಾವು.

ಕೊನೆಗೆ ಒತ್ತಡ ಇಳಿಸುವಾಗ ಪ್ರತಿ 30 ಮೀಟರ್ ಆಳಕ್ಕೆ ಸುಮಾರು ಒಂದು ದಿನ, ಅದರ ಮೇಲೆ ಇನ್ನೊಂದು ದಿನ ಎಂಬ ಅಂದಾಜು ಲೆಕ್ಕವಿದೆ. 75 ಮೀಟರಿಗೆ ಮೂರೂವರೆ ದಿನ. ಕುರ್ಲಾದಿಂದ ಮತ್ಸ್ಯಗಂಧ ರೈಲು ಹತ್ತಿದವರು ಮರುದಿನ ಬೆಳಿಗ್ಗೆ ಊರಿನ ಕಡೆ ಇಳಿದು ಚಹಾ ಕುಡಿಯುತ್ತಿರುತ್ತಾರೆ. ಊರಿಂದ ಯಾವ ಸುದ್ದಿಯೇ ಬಂದಿರಲಿ, ಕೋಣೆಯಲ್ಲಿರುವವನು ಡೆಕ್ಕಿನ ಮೇಲೆ ನಿಂತ ಗೆಳೆಯನನ್ನು ಗಾಜಿನ ಕಿಂಡಿಯಲ್ಲಿ ನೋಡುತ್ತಾ ಮೂರೂವರೆ ದಿನ ಕೂತಿರಬೇಕು.