ಮೊದಲು ತೊಡೆಗೆ ಸೂಜಿ, ಮಾತ್ರೆ ಆಮೇಲೆ

ಮಳೆಗಾಲದಲ್ಲಿ ಮುಂಬಯಿಯ ಜುಹೂ, ಗಿರ್ಗಾಂವ್ ಚೌಪಾಟಿಯ ಮರಳಿನ ಮೇಲೆ ನೀಲಿ ಬಲೂನಿನಂಥ ಜೀವಿಗಳು ಬಂದು ಬೀಳುತ್ತವೆ. ಬ್ಲೂ ಬಾಟಲ್ ಅಂತಾರೆ. ಅದರ ಎಳೆ ತಾಗಿದರೆ ಚುರ್ ಅನ್ನುವ ಉರಿ. 1901ರಲ್ಲಿ ಮೊನಾಕೊದ ದೊರೆ ಒಂದನೇ ಆಲ್ಬರ್ಟ್‌ನ ಹಡಗಿನಲ್ಲಿ ಹೊರಟ ಶಾರ್ಲ್ ರಿಶೆ, ಪಾಲ್ ಪೋರ್ತಿಯೆ ಎಂಬ ಫ್ರೆಂಚ್ ವಿಜ್ಞಾನಿಗಳು ಇದರ ವಿಷವನ್ನೇ ಬೆನ್ನುಹತ್ತಿದ್ದರು. ಫ್ರಾನ್ಸಿಗೆ ಮರಳಿದ ಮೇಲೆ ಈ ಜೀವಿ ಸಿಗಲಿಲ್ಲ. ಸೀ ಅನಿಮೋನ್ ಎಂಬ ಇನ್ನೊಂದು ಕಡಲಜೀವಿಯ ವಿಷ ಹಿಡಿದು ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು.

ಸ್ವಲ್ಪ ಸ್ವಲ್ಪ ಕೊಟ್ಟರೆ ವಿಷ ಒಗ್ಗುತ್ತದೆ ಅಂತ ಅವರ ಲೆಕ್ಕ. ಆಗಿದ್ದು ಉಲ್ಟಾ. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಗೆ ಮೊದಲ ಸಲ ಏನೂ ಆಗಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಕೊಟ್ಟಾಗ 25 ನಿಮಿಷದಲ್ಲಿ ಸತ್ತೇಹೋಯಿತು. ಜೀವಕ್ಕೇ ಎರವಾಗುವ ಇಂಥ ತೀವ್ರ ಅಲರ್ಜಿಗೆ ಅನಾಫಿಲಾಕ್ಸಿಸ್ ಅಂತ ಹೆಸರಿಟ್ಟರು. 1913ರಲ್ಲಿ ರಿಶೆಗೆ ನೊಬೆಲ್ ಬಂತು. ನೆಪ್ಚೂನ್‌ಗೆ ಏನು ಬಂತು ಅಂತ ಕೇಳಬೇಡಿ.

ಒಗ್ಗದ ವಸ್ತುವಿನ ಮೊದಲ ಭೇಟಿಯಲ್ಲಿ ದೇಹ ಸುಮ್ನೆ ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಅದು ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೈಗೆ ಅಂಟಿ ಕೂರುತ್ತದೆ. ಮುಂದೆ ಅದೇ ವಸ್ತು ಬಂದರೆ ಆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಯುತ್ತವೆ. ರಕ್ತನಾಳ ಸೋರುತ್ತದೆ, ಬಿಪಿ ಇಳಿಯುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಫೋರ್ಟ್ ಕಡೆಯ ನಮ್ಮವರ ಲಂಚ್ ಹೋಮ್‌ನ ಸಿಗಡಿ ಗಸಿಯೂ ಕೆಲವರಿಗೆ ಹೀಗೆ ಮಾಡಬಲ್ಲದು. ಸಿಗಡಿಯ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಎಷ್ಟು ಕುದಿಸಿದರೂ ಹಾಳಾಗುವುದಿಲ್ಲ.

ಮೈಮೇಲೆ ದದ್ದು ಎದ್ದರೆ ನಮ್ಮ ಮನೆಗಳಲ್ಲಿ ಪಿತ್ತದ ಗಂಧೆ ಅಂತಾರೆ. ಕೋಕಂ ನೀರು ಕೊಡುತ್ತಾರೆ, ಜೊತೆಗೊಂದು ಸೆಟ್ರಿಜಿನ್ ಎಂಬ ಅಲರ್ಜಿ ಮಾತ್ರೆ. ಬರೀ ದದ್ದಾದರೆ ಅಡ್ಡಿಯಿಲ್ಲ. ಆದರೆ ಉಸಿರು ಕಟ್ಟುತ್ತಿದೆ, ದನಿ ಒಡೆದಿದೆ, ಮತ್ತೆ ಮತ್ತೆ ವಾಂತಿ, ತಲೆ ಸುತ್ತು ಅಂದರೆ ಕತೆಯೇ ಬೇರೆ. ಕೆಲವರಿಗೆ ದದ್ದು ಏಳುವುದೇ ಇಲ್ಲ. ಸೆಟ್ರಿಜಿನ್ ತುರಿಕೆ ಇಳಿಸುತ್ತದೆ, ಬಿದ್ದ ಬಿಪಿ ಎತ್ತುವುದಿಲ್ಲ. ಅದನ್ನು ಮಾಡುವುದು ಅಡ್ರಿನಲಿನ್ ಎಂಬ ಚುಚ್ಚುಮದ್ದು. ರಕ್ತನಾಳ ಬಿಗಿಮಾಡಿ, ಉಸಿರಿನ ದಾರಿಯನ್ನೂ ತೆರೆಯುತ್ತದೆ.

ಎಲ್ಲಿ ಚುಚ್ಚಬೇಕು ಅನ್ನುವುದೂ ಮುಖ್ಯ. 1998ರ ಒಂದು ಅಧ್ಯಯನದಲ್ಲಿ, ಮಕ್ಕಳ ತೊಡೆಯ ಸ್ನಾಯುವಿಗೆ ಕೊಟ್ಟ ಅಡ್ರಿನಲಿನ್ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು ಸರಾಸರಿ 8 ನಿಮಿಷ ಸಾಕಾಯಿತು. ಚರ್ಮದಡಿ ಕೊಟ್ಟಾಗ 34 ನಿಮಿಷ! ಬ್ರಿಟನ್ನಿನಲ್ಲಿ ಅನಾಫಿಲಾಕ್ಸಿಸ್‌ನಿಂದಾದ ಸಾವುಗಳ ದಾಖಲೆ ಜೊತೆಗಿಟ್ಟು ನೋಡಿ. ಆಹಾರದ ಅಲರ್ಜಿಯಲ್ಲಿ ಉಸಿರು ಅಥವಾ ಹೃದಯ ನಿಲ್ಲಲು ಸುಮಾರು 30 ನಿಮಿಷ, ಜೇನು ಕಣಜ ಕುಟುಕಿದರೆ 15, ಆಸ್ಪತ್ರೆಯಲ್ಲಿ ಕೊಟ್ಟ ಔಷಧಿಯಿಂದಾದರೆ 5.

ಸಂಜೆಯ ಟ್ರಾಫಿಕ್‌ನಲ್ಲಿ ಸಯಾನ್‌ನಿಂದ ಅಂಧೇರಿಗೆ 30 ನಿಮಿಷದಲ್ಲಿ ಹೋಗೋಕಾಗುತ್ತಾ? ಹಾಗಾಗಿ ದೂರದ ದೊಡ್ಡ ಆಸ್ಪತ್ರೆಗಿಂತ ಪಕ್ಕದ ಗಲ್ಲಿಯ ಡಾಕ್ಟರೇ ಮೇಲು, ಅವರ ಹತ್ತಿರ ಅಡ್ರಿನಲಿನ್ ಇದ್ದರೆ. ಅಲರ್ಜಿ ಇರುವವರು ಮೊದಲೇ ಕೇಳಿಟ್ಟುಕೊಳ್ಳಬಹುದು, ಅಲ್ವಾ? ಅಮೆರಿಕ, ಯುರೋಪಿನಲ್ಲಿ ಜೇಬಿನಲ್ಲಿಟ್ಟು ತಾವೇ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ ಇದೆ. 2024ರಲ್ಲಿ ಅಮೆರಿಕ ಮೂಗಿನ ಸ್ಪ್ರೇಗೂ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಪೆನ್ ಸಿಗುವುದು ಕಷ್ಟ. ಆದರೆ ಡಾಕ್ಟರು ಸಿರಿಂಜಿಗೆ ಎಳೆದುಕೊಳ್ಳುವ ಅಡ್ರಿನಲಿನ್ ಆಂಪ್ಯೂಲ್ (ಪುಟ್ಟ ಗಾಜಿನ ಶೀಶೆ) ತೀರಾ ಅಗ್ಗ.

108ಕ್ಕೆ ಫೋನ್ ಮಾಡಿ ಕಾಯುವಾಗ ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿಡಿ. ಉಸಿರಾಟ ಕಷ್ಟವಾದರೆ ಕೂರಬಹುದು. ದಿಢೀರ್ ಎದ್ದು ನಿಲ್ಲುವುದು ಬೇಡ, ಹೃದಯಕ್ಕೆ ರಕ್ತ ಸಾಲದೆ ಹಾಗೇ ಕುಸಿದು ಸತ್ತವರಿದ್ದಾರೆ. 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಡಾಕ್ಟರು ಇನ್ನೊಂದು ಡೋಸ್ ಕೊಡುತ್ತಾರೆ. ಸರಿಹೋಯಿತಲ್ಲ, ಮನೆಗೆ ಹೋಗ್ತೀವಿ ಅಂತ ಹಟ ಹಿಡಿಯುವವರೇ ಜಾಸ್ತಿ. ಮತ್ತೆ ಏನೂ ತಿನ್ನದಿದ್ದರೂ ಕೆಲವು ಗಂಟೆಗಳ ನಂತರ ಎರಡನೇ ಸಲ ಏರಿಬರುವುದುಂಟು. ಡಾಕ್ಟರು ಇಲ್ಲೇ ಇರಿ ಅನ್ನುವುದು ಅದಕ್ಕೇ.