ನೂರು ಎಂಬಿಪಿಎಸ್ ‘ವರೆಗೆ’

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆ ಮುಂದಿನ ಕಂಬಕ್ಕೆ ಕಪ್ಪು ಫೈಬರ್ ಕೇಬಲ್ಲಿನ ನಾಲ್ಕು ಸಿಂಬಿ ನೇತಾಡುತ್ತಿವೆ. ಕೆಳಗೇ ಇಂಟರ್‌ನೆಟ್ ವೇಗ ಹೇಳುವ ಬೋರ್ಡು: ‘100 ಎಂಬಿಪಿಎಸ್‌ವರೆಗೆ’. ಮೊನ್ನೆ ಸಂಜೆ ಪಕ್ಕದ ಮನೆ ಹುಡುಗಿಯ ಇಂಟರ್‌ವ್ಯೂ ನಡುವೆಯೇ ವಿಡಿಯೊ ನಿಂತಿತು. ಅವಳಮ್ಮ ಕನೆಕ್ಷನ್ ಕೊಟ್ಟ ಹುಡುಗನಿಗೆ ಫೋನ್ ಹಚ್ಚಿದರು. ‘ನೂರು ಅಂದಿದ್ದೆಲ್ಲಪ್ಪಾ, ಎಲ್ಲೈತಿ?’ ‘ಬಾಕ್ಸಿನಾಗೆ ಕೆಂಪು ಲೈಟ್ ಐತಾ ನೋಡ್ರಿ ಅಕ್ಕಾ. ಇಲ್ಲಂದ್ರೆ ಲೈನ್ ಸರಿ ಐತಿ.’

ಹುಡುಗ ಸುಳ್ಳು ಹೇಳಲಿಲ್ಲ. ಕಾನೂನೂ ಅವನ ಕಡೆಗೇ ಇದೆ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗ 2 ಎಂಬಿಪಿಎಸ್. ಹೌದು, ಎರಡೇ.

2004ರ ಬ್ರಾಡ್‌ಬ್ಯಾಂಡ್ ನೀತಿ ಹಾಕಿದ ಗೆರೆ 256 ಕೆಬಿಪಿಎಸ್, ಅಂದರೆ ಸುಮಾರು ಕಾಲು ಎಂಬಿಪಿಎಸ್. ಹಳೆ ಫೋನ್ ಲೈನಿನ ಡಯಲ್‌ಅಪ್ ಇಂಟರ್‌ನೆಟ್ಟಿನ ಕಿರುಗುಟ್ಟುವಿಕೆ ಕೇಳಿದವರಿಗೆ ಅದೇ ಸ್ವರ್ಗ. ಬಿಎಸ್‌ಎನ್‌ಎಲ್‌ನ ಕೆಲವು ಪ್ಲಾನ್‌ಗಳಲ್ಲಿ ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಡೌನ್‌ಲೋಡಿಗೆ ಲೆಕ್ಕವಿರಲಿಲ್ಲ. 256ರ ವೇಗದಲ್ಲಿ ಆರು ತಾಸಿಗೆ ಇಳಿಯುವುದು ಸುಮಾರು 690 ಎಂಬಿ, ಅಂದರೆ ಒಂದು ಸಿಡಿಯಷ್ಟು ಸಿನಿಮಾ. ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮಲಗಿದವರಲ್ಲಿ ನಾನೂ ಒಬ್ಬ. ಏಳೂವರೆಗೆ ಕರೆಂಟ್ ಹೋದರೆ ಮುಗೀತು.

2013ರಲ್ಲಿ ಆ ಗೆರೆ 512 ಕೆಬಿಪಿಎಸ್‌ಗೆ ಏರಿತು. ‘2022ರೊಳಗೆ ಪ್ರತಿ ನಾಗರಿಕನಿಗೂ 50 ಎಂಬಿಪಿಎಸ್’ ಎಂದಿತು 2018ರ ಡಿಜಿಟಲ್ ಸಂವಹನ ನೀತಿ. 2021ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಾಡಿದ ಶಿಫಾರಸು ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ: 2ರಿಂದ 50 ಸಾಧಾರಣ, 50ರಿಂದ 300 ವೇಗ, ಅದಕ್ಕೂ ಮೇಲಿನದು ಅತಿವೇಗ. ಹಾಗೆ ದರ್ಜೆ ನಮೂದಿಸಿ ಮಾರಿದ್ದರೆ ಕೊಳ್ಳುವವರಿಗೆ ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿಯುತ್ತಿತ್ತು. ಕೇಂದ್ರ ಸರ್ಕಾರದ 2023ರ ಜನವರಿಯ ಅಧಿಸೂಚನೆಯಲ್ಲಿ ಬಂದದ್ದು ಆ 2 ಮಾತ್ರ. ಅಮೆರಿಕದ ಸಂವಹನ ನಿಯಂತ್ರಕ ಎಫ್‌ಸಿಸಿ 2015ರಲ್ಲಿ 25ಕ್ಕೆ ಏರಿಸಿದ್ದ ಗೆರೆಯನ್ನು 2024ರಲ್ಲಿ 100ಕ್ಕೆ ಒಯ್ದಿತು. ಅಪ್‌ಲೋಡೂ 20 ಇರಬೇಕೆಂದಿತು. ನಮ್ಮ ವ್ಯಾಖ್ಯೆಯಲ್ಲಿ ಅಪ್‌ಲೋಡಿನ ಮಾತೇ ಇಲ್ಲ. ಇಂಟರ್‌ವ್ಯೂನಲ್ಲಿ ನಮ್ಮ ಮುಖ ಆಚೆಗೆ ಹೋಗುವುದು ಅಪ್‌ಲೋಡಿನಲ್ಲೇ.

ಹೀಗೆ ಕಾನೂನು ಹೇಳುವುದು ಕನಿಷ್ಠ, ಬೋರ್ಡು ಹೇಳುವುದು ಗರಿಷ್ಠ. ನಡುವಿನದೆಲ್ಲ ‘ವರೆಗೆ’ ಎಂಬ ಒಂದು ಪದದ ಹೊಟ್ಟೆಯಲ್ಲಿ. ಕಂಬದ ಮೇಲಿನ ಡಬ್ಬಿಯಲ್ಲಿ ಒಂದೇ ಫೈಬರ್ ಹತ್ತಾರು ಮನೆಗೆ ಕವಲೊಡೆಯುತ್ತದೆ. ಸಂಜೆ ಏಳಾದರೆ ಎಲ್ಲರ ಮನೆಯಲ್ಲೂ ಟಿವಿ, ಮೊಬೈಲು, ಕ್ರಿಕೆಟ್ಟು; ಇದ್ದ ವೇಗ ಎಲ್ಲರಿಗೂ ಹಂಚಿಹೋಗುತ್ತದೆ. ಇನ್ನೊಂದು ಗೊಂದಲ ಬಿಟ್ ಮತ್ತು ಬೈಟ್‌ಗಳದು: ವೇಗದ ಅಳತೆ ಬಿಟ್‌ನಲ್ಲಿ, ಫೈಲಿನ ಅಳತೆ ಬೈಟ್‌ನಲ್ಲಿ, ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಅಲ್ಲ. ಎಂಟರಿಂದ ಭಾಗಿಸಬೇಕು, ಸಿಗುವುದು ಹನ್ನೆರಡೂವರೆ.

ಮರುದಿನ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಬಾಕ್ಸಿಗೆ ವೈರ್ ಚುಚ್ಚಿ ಸ್ಪೀಡ್ ಟೆಸ್ಟ್ ಹಚ್ಚಿದ. 94. ‘ನೋಡ್ರಿ ಅಕ್ಕಾ!’ ಎರಡು ಗೋಡೆ ದಾಟಿ ಹುಡುಗಿಯ ಕೋಣೆಯಲ್ಲಿ ಫೋನಿಗೆ ವೈಫೈಯಲ್ಲಿ ಬಂದದ್ದು 11. ಅದಕ್ಕವನು ಏನೂ ಹೇಳಲಿಲ್ಲ, ಚಹಾ ಕುಡಿದ.

ಮುಂದಿನ ಇಂಟರ್‌ವ್ಯೂ ಬಾಕ್ಸ್ ಇರುವ ಹಾಲ್‌ನಲ್ಲಿ, ಟಿವಿ ಸ್ಟ್ಯಾಂಡ್ ಪಕ್ಕ. ಅಷ್ಟೊತ್ತು ಕುಕ್ಕರ್ ಇಡುವಂತಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿದೆ.